ಅರ್ಥಿಂಗ್ ಪಿನ್ ಕಿತ್ತುಹಾಕಿದ ಸರ್ವಿಸ್ ಬಗ್ಗೆ ದೂರು

ಗೆ,
ಮಾಲೀಕರು,
ಕಂಪ್ಯೂಟರ್ ಮಾರಾಟ ಮತ್ತು ಸರ್ವಿಸ್ ಅಂಗಡಿ, ರಾಯಚೂರು

ವಿಷಯ: ಸಂಗೀತ ಕೇಳಲು ಮಾಡಿಸಿದ ಕಂಪ್ಯೂಟರ್‌ನ ತೊಂದರೆ ಮತ್ತು ಅಪಾಯಕಾರಿ ರಿಪೇರಿ

ಮಾನ್ಯರೇ,

ಈ ಕಂಪ್ಯೂಟರ್ ಗೇಮ್ ಆಡೋಕಲ್ಲ, ಹಾಡು ಕೇಳೋಕೆ ಎಂದು ಆರ್ಡರ್ ಕೊಡುವಾಗಲೇ ಹೇಳಿದ್ದೆ. ಮಲ್ಲಿಕಾರ್ಜುನ ಮನ್ಸೂರ್ ಅವರ ಸಿಡಿಗಳು, ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿ ಅವರ ಹಳೆಯ ರೆಕಾರ್ಡಿಂಗ್‌ಗಳು, ಎಲ್ಲವೂ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಹಾಡನ್ನು ಚಿಕ್ಕದಾಗಿಸಿ ಇಡುವ) ಫೈಲ್‌ನಲ್ಲಿವೆ. ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಸಾಧನ), ಆಂಪ್ಲಿಫೈಯರ್ ನನ್ನ ಹತ್ತಿರವೇ ಇದ್ದವು. ಸದ್ದು ಮಾಡದ ಪೆಟ್ಟಿಗೆ ಕೊಡಿ, ಸಾಕು ಅಂದಿದ್ದೆ. ನೀವು ಕೊಟ್ಟಿದ್ದು ಬಣ್ಣದ ದೀಪ ಮಿನುಗುವ ಗೇಮಿಂಗ್ ಕ್ಯಾಬಿನೆಟ್. ರಾಯಚೂರಿನ ಬಿಸಿಲಿಗೆ ಅದರ ಫ್ಯಾನ್‌ಗಳು ತಂಬೂರಿಗಿಂತ ಜೋರಾಗಿ ಶ್ರುತಿ ಹಿಡಿಯುತ್ತವೆ.

ಫ್ಯಾನ್ ವಿಷಯ ಹೋಗಲಿ. ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು ಬರುತ್ತಿದೆ ಎಂದು ಫೋನ್ ಮಾಡಿದಾಗ ನಿಮ್ಮ ಹುಡುಗ ಮನೆಗೆ ಬಂದ. ಕಂಪ್ಯೂಟರ್‌ನ ಪ್ಲಗ್ ತೆಗೆದು, ಇಕ್ಕಳದಿಂದ ಅರ್ಥಿಂಗ್ ಪಿನ್ ಕಿತ್ತುಹಾಕಿದ. ಸದ್ದು ನಿಂತಿತು. ‘ನೋಡ್ರಿ ಸರ್, ಆಯ್ತಲ್ಲ’ ಅಂದ, ಸರ್ವಿಸ್ ಚಾರ್ಜ್ ತಗೊಂಡು ಹೋದ. ಆಮೇಲೆ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನತೊಡಗಿತು!

ಕಂಪ್ಯೂಟರ್‌ಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪ್ಯಾಸಿಟರ್‌ಗಳಿಂದ ಒಂಚೂರು ಕರೆಂಟ್ ಯಾವಾಗಲೂ ಕ್ಯಾಬಿನೆಟ್‌ಗೆ ಸೋರುತ್ತದೆ. ಅದು ಅರ್ಥಿಂಗ್ ತಂತಿ ಹಿಡಿದು ಹೋಗಬೇಕು. ಆ ದಾರಿ ಮುಚ್ಚಿದರೆ ಮುಟ್ಟಿದವರ ಮೈ ಮೂಲಕ ಹೋಗುತ್ತದೆ. ಸದ್ಯಕ್ಕೆ ಜುಮ್ ಅಷ್ಟೇ. ಒಳಗೆ ಫೇಸ್ ತಂತಿಯೇ ಕ್ಯಾಬಿನೆಟ್‌ಗೆ ತಾಗಿದರೆ? 230 ವೋಲ್ಟ್. ಮನೆಯಲ್ಲಿ ಚಿಕ್ಕ ಮೊಮ್ಮಗಳಿದ್ದಾಳೆ. ಅವಳಿಗೆ ಆ ಬಣ್ಣದ ದೀಪಗಳೆಂದರೆ ಬಹಳ ಇಷ್ಟ.

ಗುಂಯ್ ಸದ್ದಿಗೆ ಕಾರಣ ಗ್ರೌಂಡ್ ಲೂಪ್, ಅಂದರೆ ಬೇರೆ ಬೇರೆ ಕಡೆ ಅರ್ಥಿಂಗ್ ಆದ ಎರಡು ಸಾಧನಗಳನ್ನು ಕೇಬಲ್ ಜೋಡಿಸಿದಾಗ ಆ ಸುತ್ತಿನಲ್ಲಿ ಹರಿಯುವ ಕರೆಂಟ್. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್‌ನಲ್ಲಿತ್ತು, ಆಂಪ್ಲಿಫೈಯರ್ ಎದುರಿನ ಗೋಡೆಯದರಲ್ಲಿ. ಹೊಸ ಪವರ್ ಕಾರ್ಡ್ ತಂದು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದೆ. ಸದ್ದು ಹೆಚ್ಚುಕಡಿಮೆ ಹೋಯಿತು. ಆಗಲೂ ಹೋಗದಿದ್ದರೆ ಡ್ಯಾಕ್‌ಗೆ ಆಪ್ಟಿಕಲ್ ಕೇಬಲ್ ಹಾಕಬಹುದಿತ್ತು. ಅದರಲ್ಲಿ ಬೆಳಕು ಹರಿಯುತ್ತದೆ, ಕರೆಂಟ್ ಅಲ್ಲ. ಮನೆಮನೆಗೆ ಹೋಗಿ ರಿಪೇರಿ ಮಾಡುವವರಿಗೆ ಇಷ್ಟು ಗೊತ್ತಿರಬೇಕು ಅಲ್ವಾ?

ಕೇಳದೇ ಇದ್ದರೂ ಬಾಸ್ ಹೆಚ್ಚಿಸುವ ಸಾಫ್ಟ್‌ವೇರ್ ಬೇರೆ ಹಾಕಿದ್ದಿರಿ. ಸಿಡಿಯಲ್ಲಿರುವುದು ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಷ್ಟು ಅಳತೆಗಳು. ವಿಂಡೋಸ್ ಅದನ್ನು 48,000ಕ್ಕೆ ಬದಲಿಸಿ ಡ್ಯಾಕ್‌ಗೆ ಕಳಿಸುತ್ತಿತ್ತು. ಆ ಸಾಫ್ಟ್‌ವೇರ್ ತೆಗೆದು, ಪ್ಲೇಯರ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಮೋಡ್ (ವಿಂಡೋಸ್ ನಡುವೆ ಕೈಹಾಕದಂತೆ ಮಾಡುವ ಸೆಟ್ಟಿಂಗ್) ಹಾಕಿಕೊಂಡಿದ್ದೇನೆ. ಈಗ ಫೈಲ್‌ನಲ್ಲಿ ಇದ್ದದ್ದು ಇದ್ದ ಹಾಗೇ ಹೋಗುತ್ತಿದೆ. ಅದಕ್ಕೆ ನಿಮ್ಮಿಂದ ಏನೂ ಬೇಕಿಲ್ಲ.

ಬೇಕಿರುವುದು ಇಷ್ಟು. ಆ ಸರ್ವಿಸ್ ಚಾರ್ಜ್ ಮತ್ತು ಹೊಸ ಕಾರ್ಡ್‌ನ ಹಣ ವಾಪಸ್ ಕೊಡಿ. ಕ್ಯಾಬಿನೆಟ್ ಬದಲಿಸಿ, ನಿಧಾನವಾಗಿ ತಿರುಗುವ ದೊಡ್ಡ ಫ್ಯಾನ್ ಇರುವುದನ್ನು ಹಾಕಿಕೊಡಿ. ಆ ಹುಡುಗ ಇನ್ನೂ ಯಾರ್ಯಾರ ಮನೆಯಲ್ಲಿ ಪಿನ್ ಕಿತ್ತಿದ್ದಾನೋ, ಅವರಿಗೆಲ್ಲ ಫೋನ್ ಮಾಡಿ ಸರಿಪಡಿಸಿಕೊಡಿ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಕಿತ್ತ ಪಿನ್‌ನ ಪ್ಲಗ್ ಎತ್ತಿಟ್ಟಿದ್ದೇನೆ. ಬಿಲ್ ನಕಲು ಇದರ ಜೊತೆಗಿದೆ.

ಇಂತಿ,
ನಿಮ್ಮ ಗ್ರಾಹಕ
ರಾಯಚೂರು