ಈಜುಕೊಳದ ನೀರು: ನಡುಗುವ ಮಕ್ಕಳನ್ನೂ ಕೇಳಿ

ಮಾನ್ಯ ಸಂಪಾದಕರೇ,

ಮಾಗಿ ಚಳಿ ಶುರುವಾಯಿತೆಂದರೆ ಮೈಸೂರಿನ ನಮ್ಮ ಬಡಾವಣೆಯ ಈಜುಕೊಳದಲ್ಲಿ ಪ್ರತಿವರ್ಷ ಅದೇ ಜಗಳ. ಬೆಳಿಗ್ಗೆ ಐದೂವರೆಗೆ ಬಂದು ಬಿಡುವಿಲ್ಲದೆ ಸುತ್ತು ಹೊಡೆಯುವವರಿಗೆ ನೀರು ತಣ್ಣಗಿರಬೇಕು. ಈಜು ಕಲಿಯುವ ಮಕ್ಕಳಿಗೆ, ಮಂಡಿನೋವಿಗೆಂದು ನೀರಿನಲ್ಲಿ ನಡೆಯಲು ಬರುವ ನನ್ನಂಥವರಿಗೆ ಬೆಚ್ಚಗಿರಬೇಕು. ಹೀಟರ್ ಹಾಕಿಸಬೇಕೇ, ಎಷ್ಟು ಡಿಗ್ರಿಗೆ ಎಂಬುದನ್ನು ಈ ಸಲದ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸಲು ಹೊರಟರು. ಅಲ್ಲಿ ಒಂದು ಮಗುವೂ ಇರಲಿಲ್ಲ. ಅದಕ್ಕೇ ಈ ಪತ್ರ.

ಡಿಸೆಂಬರಿನಲ್ಲಿ ನಾನೇ ಒಂದು ವಾರ ಥರ್ಮಾಮೀಟರ್ ಇಳಿಬಿಟ್ಟು ನೋಡಿದೆ. ಬೆಳಿಗ್ಗೆ ಆರಕ್ಕೆ 22 ಡಿಗ್ರಿ, ಸಂಜೆ ನಾಲ್ಕಕ್ಕೆ 24. 'ಇಪ್ಪತ್ತೆರಡೆಂದರೆ ಹಿತವಾದ ಹವೆಯಲ್ಲವೇ' ಎಂದರು ಒಬ್ಬರು. ಗಾಳಿಗೆ ಆ ಮಾತು ಸರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಕೈಕಾಲು ಬಡಿಯುವವರ ಮೈ ಆ ಕಾವನ್ನು ಮತ್ತೆ ಹುಟ್ಟಿಸಿಕೊಳ್ಳುತ್ತದೆ. ಎದೆಮಟ್ಟದ ನೀರಿನಲ್ಲಿ ತನ್ನ ಸರದಿಗೆ ಕಾಯುತ್ತಾ ನಿಂತ ಆರು ವರ್ಷದ ಮಗು ಎಲ್ಲಿಂದ ತರಬೇಕು? ನನ್ನ ಮೊಮ್ಮಗಳು ತುಟಿ ನೀಲಿಗಟ್ಟಿ, ಹಲ್ಲು ಕಟಕಟಿಸುತ್ತಾ ಹೊರಬಂದಳು. ಈಗ ಕೊಳದ ಹೆಸರೆತ್ತಿದರೆ ಸೆರಗು ಹಿಡಿದು ಅಳುತ್ತಾಳೆ.

'ನಾವೆಲ್ಲ ನಾಲೆಯಲ್ಲಿ ಕಲಿಯಲಿಲ್ಲವೇ?' ಎನ್ನುತ್ತಾರೆ. ಮಂಡ್ಯ ಕಡೆಯವಳಾದ ನಾನೂ ನಾಲೆಯಲ್ಲೇ ಕಲಿತವಳು. ಚಳಿ ಹತ್ತಿದ ಕೂಡಲೇ ಏರಿ ಹತ್ತಿ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮಲಗುತ್ತಿದ್ದೆವು. ಮುಕ್ಕಾಲು ಗಂಟೆಯ ತರಗತಿಯಲ್ಲಿ ಮಕ್ಕಳಿಗೆ ಅದೆಲ್ಲಿ?

ಹಾಗೆಂದು 32 ಡಿಗ್ರಿಗೆ ಕಾಯಿಸಿ ಎನ್ನುವವರ ಜೊತೆಗೂ ನಾನಿಲ್ಲ. ಅಷ್ಟು ಬೆಚ್ಚಗಿನ ನೀರಿನಲ್ಲಿ ಜೋರಾಗಿ ಈಜುವವರ ಮೈಬಿಸಿ ಇಳಿಯುವುದಿಲ್ಲ. ಸ್ಪರ್ಧೆಯ ಕೊಳಗಳಿಗೆ ಅಂತರರಾಷ್ಟ್ರೀಯ ನಿಯಮವೇ 25ರಿಂದ 28 ಡಿಗ್ರಿ. ನೀರು ಹೆಚ್ಚು ಬೆಚ್ಚಗಾದಷ್ಟೂ ಕ್ಲೋರಿನ್ ಬೇಗ ತೀರುತ್ತದೆ, ಪಾಚಿ ಬೇಗ ಕಟ್ಟುತ್ತದೆ. ಖರ್ಚನ್ನೂ ಲೆಕ್ಕ ಹಾಕಿದೆ. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳ ಹಿಡಿಯುವುದು 3.75 ಲಕ್ಷ ಲೀಟರ್. ಅಷ್ಟನ್ನು ಒಂದೇ ಒಂದು ಡಿಗ್ರಿ ಏರಿಸಲು ಸುಮಾರು 435 ಯೂನಿಟ್‌ನಷ್ಟು ಶಾಖ ಬೇಕು. ತೆರೆದ ಕೊಳ ಕಳೆದುಕೊಳ್ಳುವ ಶಾಖದಲ್ಲಿ ದೊಡ್ಡ ಪಾಲು ಆವಿಯಾಗಿ ಹೋಗುವಂಥದ್ದು. ಆದ್ದರಿಂದ ಹೀಟರಿಗಿಂತ ಮೊದಲು ರಾತ್ರಿ ಹೊದಿಸಲು ಒಂದು ಹೊದಿಕೆ ತರಿಸಿ.

ಎಲ್ಲರೂ ಇಳಿಯುವ ಕೊಳಕ್ಕೆ 28–29 ಡಿಗ್ರಿ ನನಗೆ ಸರಿಕಾಣುತ್ತದೆ. ಸುತ್ತು ಹೊಡೆಯುವವರು ಒಂದು ಡಿಗ್ರಿ ಸಹಿಸಿಕೊಳ್ಳಲಿ. ನನ್ನ ಮಂಡಿಗೆ ಚಿಕಿತ್ಸಾ ಕೊಳಗಳ 33 ಡಿಗ್ರಿಯೇ ಹಿತ, ಆದರೆ ಅದನ್ನು ಎಲ್ಲರ ದುಡ್ಡಿನಲ್ಲಿ ಕೇಳುವುದು ನ್ಯಾಯವಲ್ಲ. ಹೀಟರ್ ಬರುವವರೆಗೂ ಕಾಯದೆ ಮಾಡಬಹುದಾದ ಕೆಲಸ ಒಂದಿದೆ: ಡಿಸೆಂಬರ್, ಜನವರಿಯಲ್ಲಿ ಮಕ್ಕಳ ತರಗತಿಯನ್ನು ನಸುಕಿನಿಂದ ಸಂಜೆ ನಾಲ್ಕಕ್ಕೆ ಬದಲಿಸಿ, ತರಗತಿ ಅರ್ಧ ಗಂಟೆಗೆ ಇಳಿಸಿ, ಆ ದಿನದ ನೀರಿನ ಡಿಗ್ರಿಯನ್ನು ಬಾಗಿಲಲ್ಲೇ ಹಲಗೆಯ ಮೇಲೆ ಬರೆಯಿರಿ. ನಗರದ ಬೇರೆ ಈಜುಕೊಳಗಳವರೂ ಹೀಗೆ ಬರೆದು ಹಾಕಿದರೆ, ಮಗುವನ್ನು ಇಳಿಸಬೇಕೋ ಬೇಡವೋ ಎಂಬುದನ್ನು ತಾಯಂದಿರು ಹೊರಗೇ ನಿಂತು ತೀರ್ಮಾನಿಸಬಹುದು.

– ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು