ಪತ್ರಿಕಾ ಮಾಲೀಕರ ಲೆಕ್ಕದ ಪುಸ್ತಕ ರದ್ದಿಯಲ್ಲ

ಸಂಪಾದಕರಿಗೆ,

ಪತ್ರಿಕೆಯ ಮಾಲೀಕರೊಬ್ಬರು ತೀರಿಕೊಂಡಾಗ, ಇಲ್ಲವೇ ಪತ್ರಿಕೆ ನಿಂತು ಕಚೇರಿ ಖಾಲಿ ಮಾಡುವಾಗ, ಗಣ್ಯರು ಬರೆದ ಕಾಗದಗಳನ್ನೂ ಫೋಟೊಗಳನ್ನೂ ಮನೆಯವರು ಜೋಪಾನವಾಗಿ ಎತ್ತಿಡುತ್ತಾರೆ. ಜಾಹೀರಾತು ಖಾತೆ, ಏಜೆಂಟರ ಲೆಕ್ಕ, ನ್ಯೂಸ್‌ಪ್ರಿಂಟ್ ಬಿಲ್ಲುಗಳು ತೂಕಕ್ಕೆ ಹೋಗುತ್ತವೆ. ಹಳೆಯ ದಾಖಲೆಗಳ ಕೆಲಸದಲ್ಲಿರುವ ನಮಗೆ ಇದಕ್ಕಿಂತ ನೋವಿನ ಸಂಗತಿ ಇಲ್ಲ. ದೊಡ್ಡ ಜಾಹೀರಾತುದಾರರೊಬ್ಬರು ಮುನಿಸಿಕೊಂಡು ಬರೆದ ಕಾಗದ ಕಡತದಲ್ಲಿದೆ ಎಂದುಕೊಳ್ಳಿ. ಆ ಮುನಿಸಿನಿಂದ ಪತ್ರಿಕೆಗೆ ಎಷ್ಟು ಪೆಟ್ಟು ಬಿತ್ತು, ಮಾಲೀಕರು ಬಗ್ಗಿದರೋ ಇಲ್ಲವೋ ಎಂಬುದು ಗೊತ್ತಾಗುವುದು ಜಾಹೀರಾತು ಖಾತೆಯ ಮುಂದಿನ ತಿಂಗಳುಗಳ ಪುಟಗಳಿಂದ. ಮಾರಾಟವಾಗದೆ ವಾಪಸು ಬಂದ ಪ್ರತಿಗಳ ಪುಸ್ತಕವಿಲ್ಲದಿದ್ದರೆ ಆ ಪತ್ರಿಕೆಯ ನಿಜವಾದ ಪ್ರಸಾರವೂ ತಿಳಿಯುವುದಿಲ್ಲ.

ಜೋಸೆಫ್ ಪುಲಿಟ್ಜರ್ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯನ್ನು ಕೊಂಡದ್ದು 1883ರಲ್ಲಿ. ದೃಷ್ಟಿ ಕೈಕೊಟ್ಟು 1890ರಲ್ಲಿ ಸಂಪಾದಕತ್ವ ಬಿಟ್ಟರೂ, 1911ರಲ್ಲಿ ತೀರಿಕೊಳ್ಳುವವರೆಗೆ ದೂರದಿಂದಲೇ ಪತ್ರಿಕೆಯ ಮೇಲೆ ಹಿಡಿತ ಇಟ್ಟುಕೊಂಡಿದ್ದರು. ಹಾಗಾಗಿ ಬಾಯಿಮಾತಲ್ಲಿ ಮುಗಿಯಬಹುದಾಗಿದ್ದ ಸಂಗತಿಗಳೂ ಕಾಗದಕ್ಕೆ ಇಳಿದವು. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅವರ ಕಾಗದಪತ್ರಗಳಿವೆ. ಗುಟ್ಟು ಕಾಯಲು ಅವರು ಸಂಕೇತಪದಗಳನ್ನು ಬಳಸುತ್ತಿದ್ದರು. ತಮಗೇ ಇಟ್ಟುಕೊಂಡ ಹೆಸರು ‘ಆಂಡಿಸ್’. ಇಂಥ ಸಂಕೇತಗಳ ಪಟ್ಟಿ ಯಾವ ಕಚೇರಿಯಲ್ಲೇ ಆಗಲಿ, ನೋಡಲು ಹಳೆಯ ವಿಳಾಸ ಪುಸ್ತಕದ ಹಾಗಿರುತ್ತದೆ. ಅದೊಂದನ್ನು ಎಸೆದರೆ ಉಳಿದ ಕಾಗದಗಳಲ್ಲಿ ಅರ್ಧ ಒಗಟಾಗುತ್ತವೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿರುವ ‘ಗಾರ್ಡಿಯನ್’ ಪತ್ರಿಕೆಯ ದಾಖಲೆಗಳಲ್ಲಿ ಸಂಪಾದಕರ ಪತ್ರವ್ಯವಹಾರವೂ ಇದೆ, ಕಂಪನಿಯ ವ್ಯವಹಾರದ ದಾಖಲೆಗಳೂ ಇವೆ. ಹಾಗೆ ಒಟ್ಟಿಗಿದ್ದಾಗಲೇ ಒಂದರಿಂದ ಇನ್ನೊಂದು ಅರ್ಥವಾಗುವುದು.

ಮನೆಯವರು ಗುರುತಿಸದೆ ಕಳೆದುಕೊಳ್ಳುವ ಇನ್ನೊಂದು ವಸ್ತು ಪತ್ರಗಳ ನಕಲು ಪುಸ್ತಕ. ಟೈಪ್‌ರೈಟರ್ ಮತ್ತು ಕಾರ್ಬನ್ ಹಾಳೆ ಬಳಕೆಗೆ ಬರುವ ಮುಂಚೆ, ವಿಶೇಷ ಶಾಯಿಯಲ್ಲಿ ಬರೆದ ಕಾಗದವನ್ನು ಒದ್ದೆ ಮಾಡಿದ ತೆಳು ಹಾಳೆಗೆ ತಾಗಿಸಿ, ಕಬ್ಬಿಣದ ಒತ್ತುಯಂತ್ರದಲ್ಲಿ ಒತ್ತಿ ನಕಲು ತೆಗೆಯುತ್ತಿದ್ದರು. ಅಕ್ಷರ ತಲೆಕೆಳಗಲ್ಲ, ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿ ಮೂಡುತ್ತದೆ. ಹಾಳೆ ತೆಳುವಾದ್ದರಿಂದ ಅದನ್ನು ಇನ್ನೊಂದು ಬದಿಯಿಂದ ಓದಬೇಕು. ಶಾಯಿ ಮಾಸಿ ನೇರಳೆ ಕಲೆಯಂತೆ ಕಾಣುವುದರಿಂದ ‘ಹಾಳಾಗಿದೆ’ ಎಂದು ಬಿಸಾಡುತ್ತಾರೆ. ಮಾಲೀಕರಿಗೆ ಬಂದ ಕಾಗದಗಳಲ್ಲಿರುವುದು ಬೇರೆಯವರ ಮಾತು. ಅವರ ಸ್ವಂತ ಮಾತು ಉಳಿದಿರುವುದು ಹೆಚ್ಚಾಗಿ ಈ ಪುಸ್ತಕದಲ್ಲೇ. ಹಾಳೆಯ ಹಿಂದೆ ಬಿಳಿ ಕಾಗದ ಇಟ್ಟರೆ ಅಕ್ಷರ ಎದ್ದು ಕಾಣುತ್ತದೆ. ನೀರು ತಾಗಿದರೆ ಶಾಯಿ ಹರಡುತ್ತದೆ, ಬೆಳಕಿಗೆ ಬಿಟ್ಟರೆ ಇನ್ನಷ್ಟು ಮಾಸುತ್ತದೆ.

ಬೀರು ತೆರೆದ ಕೂಡಲೇ ವಿಂಗಡಿಸಲು ಕೂರಬೇಡಿ. ಮೊದಲು ಇದ್ದುದನ್ನು ಇದ್ದ ಹಾಗೆ, ಕಪಾಟು ಕಪಾಟಾಗಿ ಫೋಟೊ ತೆಗೆಯಿರಿ. ಪ್ರತಿ ಕಟ್ಟಿಗೂ ಪೆನ್ಸಿಲಿನಲ್ಲಿ ಸಂಖ್ಯೆ ಬರೆದ ಚೀಟಿ ಇಡಿ, ಪೆನ್ನು ಬೇಡ. ತಾರೀಖಿನ ಪ್ರಕಾರ ಜೋಡಿಸಿದರೆ ಅಚ್ಚುಕಟ್ಟಾಗಿ ಕಾಣುತ್ತದೆ ನಿಜ. ಆದರೆ ಒಂದು ದೂರಿನ ಕಾಗದ, ಅದರ ಹಿಂಬದಿಯಲ್ಲಿ ‘ಉತ್ತರ ಬೇಡ’ ಎಂಬ ಪೆನ್ಸಿಲ್ ಬರಹ, ಅದಕ್ಕೆ ಚುಚ್ಚಿಟ್ಟ ಟೆಲಿಗ್ರಾಂ, ವಕೀಲರ ಬಿಲ್ಲು ಇವು ಒಂದೇ ಗುಂಡುಸೂಜಿಯಲ್ಲಿ ಇದ್ದುದಕ್ಕೆ ಕಾರಣವಿತ್ತು. ಬಿಡಿಸಿ ಬೇರೆ ಬೇರೆ ಇಟ್ಟರೆ ಆ ಕಾರಣ ಮತ್ತೆ ಸಿಗುವುದಿಲ್ಲ. ತುಕ್ಕು ಹಿಡಿದ ಗುಂಡುಸೂಜಿಯನ್ನು ನಿಧಾನವಾಗಿ ತೆಗೆದು, ಆ ಹಾಳೆಗಳನ್ನು ಮಡಿಚಿದ ಒಂದು ಆಮ್ಲರಹಿತ ಕಾಗದದೊಳಗೆ ಒಟ್ಟಾಗಿಯೇ ಇಡಿ. ಕರಗಿ ಅಂಟಿಕೊಂಡ ರಬ್ಬರ್ ಬ್ಯಾಂಡನ್ನಾಗಲಿ, ಸೆಲೋಟೇಪನ್ನಾಗಲಿ ಎಳೆಯಬೇಡಿ. ಮೇಲ್ಪದರ ಕಿತ್ತು ಬರುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಅದನ್ನು ಮತ್ತೆ ಬಿಡಿಸಲಾಗದು.

ಪತ್ರಗಳ ನಡುವೆ ಸಿಕ್ಕಿಸಿಟ್ಟ ಪತ್ರಿಕಾ ತುಣುಕುಗಳ ಮೇಲೆ ಕಣ್ಣಿರಲಿ. ನ್ಯೂಸ್‌ಪ್ರಿಂಟಿನಲ್ಲಿ ಲಿಗ್ನಿನ್ ಎಂಬ ಮರದ ಅಂಶ ಹೆಚ್ಚಿರುವುದರಿಂದ ಅದು ಆಮ್ಲೀಯವಾಗಿ, ಪಕ್ಕದ ಒಳ್ಳೆಯ ಕಾಗದದ ಮೇಲೂ ತನ್ನ ಆಕಾರದ ಕಂದು ಕಲೆ ಮೂಡಿಸುತ್ತದೆ. ತುಣುಕಿನ ನಕಲನ್ನು ಅದೇ ಜಾಗದಲ್ಲಿಟ್ಟು, ಮೂಲವನ್ನು ಬೇರೆಯಾಗಿಡಿ. ಉಷ್ಣಕಾಗದದ (ಶಾಖದಿಂದ ಅಕ್ಷರ ಮೂಡುವ ನುಣುಪು ಕಾಗದದ) ಫ್ಯಾಕ್ಸ್‌ಗಳ ನಕಲನ್ನು ಇವತ್ತೇ ತೆಗೆಯಿರಿ, ಅವು ತಾವಾಗಿಯೇ ಬೆಳ್ಳಗಾಗುತ್ತವೆ. ಹಳೆಯ ನೆಗೆಟಿವ್‌ಗಳಿಂದ ವಿನಿಗರ್ ವಾಸನೆ ಬಂದರೆ ತಕ್ಷಣ ಬೇರ್ಪಡಿಸಿ. ಕೋಣೆಯ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ (ಗಾಳಿಯಲ್ಲಿನ ತೇವದ ಪ್ರಮಾಣ) ಶೇ 35ರಿಂದ 50 ಇದ್ದರೆ ಉತ್ತಮ. ಆರ್ದ್ರತೆ ಶೇ 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆಯಿಂದ ಬೂಷ್ಟು ಹೋಗುವುದಿಲ್ಲ, ಮುಟ್ಟುವವರ ಆರೋಗ್ಯಕ್ಕೂ ಒಳ್ಳೆಯದಲ್ಲ.

ಎಲ್ಲವನ್ನೂ ಇಟ್ಟುಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಲೆಡ್ಜರ್ ಸಮಗ್ರವಾಗಿದ್ದರೆ ಬಿಡಿ ವೋಚರುಗಳಲ್ಲಿ ವರ್ಷಕ್ಕೊಂದು ತಿಂಗಳಿನದನ್ನು ಮಾದರಿಗೆ ಉಳಿಸಿದರೆ ಸಾಕಾಗಬಹುದು. ಆದರೆ ಆ ತೀರ್ಮಾನ ದಾಖಲೆಗಳನ್ನು ದಾನವಾಗಿ ಪಡೆಯುವ ಗ್ರಂಥಾಲಯದವರದ್ದೋ ಸಂಗ್ರಹಾಲಯದವರದ್ದೋ ಆಗಲಿ.

ದಾನಪತ್ರ ಬರೆಯುವಾಗ ಒಂದು ಗೊಂದಲ ಮೇಲಿಂದ ಮೇಲೆ ಕಾಣುತ್ತದೆ. ಕಾಗದ ನಿಮ್ಮದಾದರೂ ಅದರಲ್ಲಿನ ಬರಹದ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಬರೆದವರದು, ಅವರ ನಂತರ ಅವರ ವಾರಸುದಾರರದು. ಆದ್ದರಿಂದ ಕೊಡುವಾಗ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸಿ. ಗುಟ್ಟಾಗಿ ಸುದ್ದಿ ಕೊಟ್ಟವರ ಹೆಸರಿರುವ ಕಡತಗಳನ್ನು ಹರಿದು ಹಾಕಬೇಡಿ. ಇಂಥ ತಾರೀಖಿನವರೆಗೆ ತೆರೆಯಕೂಡದು ಎಂಬ ಷರತ್ತು ಹಾಕಿ ಮುಚ್ಚಿಡಬಹುದು.

ರದ್ದಿಯವರನ್ನು ಕರೆಯುವ ಮುಂಚೆ ಒಂದು ಪುಟದ ಪಟ್ಟಿ ಮಾಡಿ ಗ್ರಂಥಾಲಯಕ್ಕೋ ದಾಖಲೆಗಳ ಸಂಗ್ರಹಾಲಯಕ್ಕೋ ಕಳಿಸಿ: ಎಷ್ಟು ಕಟ್ಟು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಕಪಾಟಿನಲ್ಲಿ ಎಷ್ಟು ಅಡಿ ಉದ್ದ, ಎಲ್ಲಾದರೂ ತೇವ ಇದೆಯೇ. ಹಳೆಯ ಕಂಪ್ಯೂಟರ್ ಇದ್ದರೆ ಅದನ್ನೂ ಸೇರಿಸಿ, ಪಾಸ್‌ವರ್ಡ್ ಗೊತ್ತಿರುವವರು ಯಾರೆಂದೂ ಬರೆದಿಡಿ.

– ಹಳೆಯ ದಾಖಲೆಗಳ ಸಂರಕ್ಷಣೆಯಲ್ಲಿ ತೊಡಗಿರುವವರು