ಕಾರಾಗೃಹದಲ್ಲಿ ಆಪ್ತ ಮಾತಿಗೂ ಜಾಗವಿರಲಿ

ಮಾನ್ಯರೇ,

ಜಿಲ್ಲಾ ಕಾರಾಗೃಹವೊಂದಕ್ಕೆ ವಾರಕ್ಕೊಮ್ಮೆ ಹೋಗುವ ಮನಃಶಾಸ್ತ್ರಜ್ಞೆ ನಾನು. ಅಲ್ಲಿ ನಮಗೆ ಪ್ರತ್ಯೇಕ ಕೊಠಡಿಯಿಲ್ಲ. ಔಷಧಿ ಕೊಡುವ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು, ಎರಡು ಮಾರು ದೂರದಲ್ಲಿ ನಿಂತ ವಾರ್ಡರ್ ಕಿವಿಗೆ ಬೀಳುವಂತೆಯೇ, ವಿಚಾರಣಾಧೀನ ಕೈದಿಯು ತನ್ನ ನಿದ್ದೆಗೆಟ್ಟ ರಾತ್ರಿಗಳ ಬಗ್ಗೆ ಹೇಳಿಕೊಳ್ಳಬೇಕು. ಆತ ಬೀಗದ ಕೈಗೊಂಚಲನ್ನೇ ನೋಡುತ್ತ, ಕೊನೆಗೆ ಜಾಮೀನಿನ ವಿಚಾರವನ್ನಷ್ಟೇ ಕೇಳಿ ಎದ್ದುಹೋಗುತ್ತಾನೆ. (ಅದು ನನಗೆ ಗೊತ್ತಿರುವುದಿಲ್ಲವೆಂದು ಅವನಿಗೂ ಗೊತ್ತು.) ದೇಶದ ಜೈಲುಗಳಲ್ಲಿನ ಅಸಹಜ ಸಾವುಗಳಲ್ಲಿ ಆತ್ಮಹತ್ಯೆಯೇ ಹೆಚ್ಚೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳು ಹೇಳುತ್ತಲೇ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್, ಪ್ರತಿ ರಾಜ್ಯದ ಕನಿಷ್ಠ ಒಂದು ಕಾರಾಗೃಹದಲ್ಲಾದರೂ ಮಾನಸಿಕ ಆರೋಗ್ಯ ಕೇಂದ್ರ ಇರಬೇಕೆನ್ನುತ್ತದೆ. ಅದರ ಜೊತೆಗೆ, ವಾರ್ಡರ್ ಕಣ್ಣಿಗೆ ಕಾಣುವ, ಆದರೆ ಕಿವಿಗೆ ಕೇಳಿಸದ, ಗಾಜಿನ ಬಾಗಿಲಿನ ಒಂದು ಕೋಣೆಯನ್ನು ಎಲ್ಲ ಜಿಲ್ಲಾ ಕಾರಾಗೃಹಗಳಲ್ಲೂ ಸರ್ಕಾರ ಒದಗಿಸಬೇಕು.

– ಹೆಸರು ಬೇಡ